ಅರವತ್ತೊಂದು ಮುದ್ರೆಗಳ ಪುಸ್ತಕ

ಕೇಳಬಾರದಿತ್ತು ಅನ್ನಿಸಿದ್ದು ಕೇಳಿದ ಮೇಲೆ. ಮಗಳು ಬಾಗಿಲ ಬಳಿ ಕೂತು ಶೂ ಲೇಸು ಕಟ್ಟುತ್ತಿದ್ದಳು. ಅವನು ಅರ್ಧ ಮುಖ ಬೋಳಿಸಿಕೊಂಡು, ಇನ್ನರ್ಧದ ನೊರೆ ಕುತ್ತಿಗೆಗೆ ಇಳಿಯುತ್ತಿರುವಾಗ, ಕನ್ನಡಿಯೊಳಗಿಂದಲೇ ಅವಳನ್ನು ನೋಡಿ, ‘ನೀನು ಈಗ ಏನು ಓದ್ತಾ ಇದೀಯ?’ ಎಂದ. ಹಗುರವಾಗಿ ಕೇಳಬೇಕೆಂದು ಹಲ್ಲುಜ್ಜುವಾಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದ ಮಾತು, ಬಾಯಿಂದ ಹೊರಬೀಳುವ ಹೊತ್ತಿಗೆ ಎಂದಿನಂತೆ ವಿಚಾರಣೆಯಾಗಿಬಿಟ್ಟಿತು. ಅವಳು ತಲೆ ಎತ್ತಲಿಲ್ಲ. ‘ಯಾವ ಸಬ್ಜೆಕ್ಟು?’ ಎಂದಳು. ‘ಸಬ್ಜೆಕ್ಟಲ್ಲ. ಸುಮ್ನೆ. ಕತೆ ಗಿತೆ.’ ‘ಏನೂ ಇಲ್ಲ.’ ‘ಏನೂ ಇಲ್ಲ ಅಂದ್ರೆ?’ ‘ಏನೂ ಇಲ್ಲ ಅಂದ್ರೆ ಏನೂ ಇಲ್ಲ. ನಿಮಗೆ ಲೇಟಾಗುತ್ತೆ.’ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಧಡಾರೆಂದು ಹಾಕಿಕೊಂಡು ಹೋಗಿದ್ದರೆ ಕೂಗಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುವ ಹೆಂಡತಿ ಡಬ್ಬಿಗೆ ಊಟ ತುಂಬುತ್ತಲೇ, ‘ಬೆಳಿಗ್ಗೆ ಬೆಳಿಗ್ಗೆ ಅವಳನ್ನ ಯಾಕೆ ಕೆಣಕ್ತೀರಿ?’ ಎಂದಳು. ‘ಕೆಣಕಿದ್ನಾ? ಏನು ಓದ್ತೀಯ ಅಂತ ಕೇಳೋದೂ ತಪ್ಪಾ?’ ‘ನೀವು ಟೈಮೆಷ್ಟು ಅಂತ ಕೇಳಿದ್ರೂ ಕಳ್ಳನ್ನ ಹಿಡಿದಂಗೆ ಇರುತ್ತೆ,’ ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಬ್ಲೇಡು ಗದ್ದದ ಕೆಳಗೆ ಸಣ್ಣದಾಗಿ ಕಚ್ಚಿತು.

ಅವನು ಕೇಳಿದ್ದಕ್ಕೆ ಕಾರಣವಿತ್ತು. ಆವತ್ತು ಗುರುವಾರ. ಸಂಜೆ ನಾಲ್ಕರೊಳಗೆ ಹೆಡ್ ಮೇಡಂ ಕೈಗೆ ಇಪ್ಪತ್ತು ಪುಸ್ತಕಗಳ ಪಟ್ಟಿ ಕೊಡಬೇಕಿತ್ತು. ಒಂಬತ್ತನೇ ತರಗತಿಯ ಎರಡೂ ವಿಭಾಗಗಳನ್ನು ಶುಕ್ರವಾರದ ಕೊನೆಯ ಅವಧಿಯಲ್ಲಿ ಹಾಲ್‌ನಲ್ಲಿ ಕೂರಿಸಿ ಪುಸ್ತಕ ಓದಿಸುವ ‘ಓದಿನ ಗಂಟೆ’ ಅವನೇ ಜಗಳಾಡಿ ಗಿಟ್ಟಿಸಿಕೊಂಡದ್ದು. ಹೋದ ವರ್ಷ ಅವನೇ ಪಟ್ಟಿ ಮಾಡಿದ್ದ, ಎಲ್ಲ ಓದಲೇಬೇಕಾದ ಪುಸ್ತಕಗಳು, ಒಂದಕ್ಕಿಂತ ಒಂದು ಭಾರ. ಮಕ್ಕಳು ಅವನ್ನು ಮುಖದೆದುರು ಗೋಡೆಯಂತೆ ನಿಲ್ಲಿಸಿಕೊಂಡು ಹಿಂದೆ ಚುಕ್ಕಿ ಸೇರಿಸುವ ಆಟ ಆಡಿದರು, ನಿದ್ದೆ ಮಾಡಿದರು. ಒಬ್ಬಳಂತೂ ಪುಸ್ತಕ ತಲೆಕೆಳಗಾಗಿ ಹಿಡಿದುಕೊಂಡೇ ನಲವತ್ತು ನಿಮಿಷ ಕಳೆದಳು. ಸೋಮವಾರ ಹೆಡ್ ಮೇಡಂ, ‘ಮೇಷ್ಟ್ರೇ, ನೀವು ಓದಿಸೋ ಪುಸ್ತಕ ಬೇಡ, ಅವರು ಓದೋ ಪುಸ್ತಕ ಹೇಳಿ. ಇಲ್ಲಾಂದ್ರೆ ಆ ಗಂಟೆ ಲೆಕ್ಕಕ್ಕೆ ಬಿಟ್ಟುಕೊಡಿ,’ ಎಂದಿದ್ದರು. ಪಕ್ಕದಲ್ಲೇ ನಿಂತಿದ್ದ ಲೆಕ್ಕದ ಮೇಷ್ಟ್ರು ಕಿಟಕಿಯ ಕಡೆ ನೋಡಿದರು, ಊಟದ ಮನೆಯಲ್ಲಿ ಯಾರೋ ಎಲೆ ಬಿಟ್ಟು ಏಳುವುದನ್ನು ಕಾಯುವವರ ಹಾಗೆ. ಕೊಡುವುದಿಲ್ಲ ಎಂದು ಅವನು ಆಗಲೇ ಹಲ್ಲು ಕಚ್ಚಿದ್ದ. ಬಸ್ ಸ್ಟಾಪಿಗೆ ನಡೆಯುತ್ತ ಈಗಲೂ ಕಚ್ಚಿದ. ಒಂದೇ ಕೋಣೆಯ ಹಳ್ಳಿಯ ಶಾಲೆಯಲ್ಲಿ ಅವನ ಮೇಷ್ಟ್ರು ಒಂದು ಮಧ್ಯಾಹ್ನ ಬೆತ್ತ ಮೂಲೆಗಿಟ್ಟು, ಗೆದ್ದಲು ತಿಂದ ಪುಸ್ತಕವೊಂದನ್ನು ತೆಗೆದು ಗಟ್ಟಿಯಾಗಿ ಓದಿದ್ದರು. ಕೊನೆಯ ಹಾಳೆಗಳು ಗೆದ್ದಲಿನ ಹೊಟ್ಟೆ ಸೇರಿದ್ದವು. ಮುಂದೇನಾಯ್ತು ಸಾರ್ ಎಂದರೆ, ‘ನಂಗೇನ್ ಗೊತ್ತು? ನೀವೇ ಹೇಳ್ರೋ,’ ಎಂದುಬಿಟ್ಟರು. ಹದಿನೈದು ದಿನ ಅವರೆಲ್ಲ ಮುಂದೇನಾಯ್ತೆಂದು ಕಿತ್ತಾಡಿದ್ದರು. ಮುಖದ ಮೇಲೆ ಬೀಳುವ ಏಟಿನ ಆಚೆಗೂ ಲೋಕದಲ್ಲಿ ಏನೋ ಇದೆ ಎಂದು ಅವನಿಗೆ ಮೊದಲ ಸಲ ತಿಳಿದದ್ದು ಆಗ. ಇದನ್ನು ಹೆಡ್ ಮೇಡಂಗೆ ಹೇಳುವುದು ಹೇಗೆ? ಹೇಳಲು ಹೋದರೆ ಗಂಟಲು ಏರುತ್ತದೆ. ಏರಿದರೆ ಅವರು, ‘ಕೂತ್ಕೊಂಡು ಮಾತಾಡಿ ಮೇಷ್ಟ್ರೇ,’ ಎನ್ನುತ್ತಾರೆ.

ಮಕ್ಕಳನ್ನೇ ಕೇಳಿ ನೋಡಿದ್ದ. ನಿಮಗಿಷ್ಟವಾದ ಪುಸ್ತಕದ ಹೆಸರು ಚೀಟಿಯಲ್ಲಿ ಬರೆಯಿರಿ ಎಂದರೆ ಮೂವತ್ತು ಜನ ಪಠ್ಯಪುಸ್ತಕದ ಹೆಸರು ಬರೆದರು. ಒಬ್ಬ ‘ಸರ್ ಹೇಳಿದ್ದು’ ಎಂದು ಬರೆದಿದ್ದ. ಹುಲಿ ಬಂದು ನಿನಗೇನು ಇಷ್ಟ ಎಂದು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ತಟ್ಟನೆ ಹೊಳೆಯಿತು. ಮಕ್ಕಳನ್ನು ಕೇಳುವುದೇ ಬೇಡ, ಪುಸ್ತಕಗಳನ್ನೇ ಕೇಳಿದರಾಯಿತು. ಲೈಬ್ರರಿಯ ಪ್ರತಿ ಪುಸ್ತಕದ ಕೊನೆಯಲ್ಲಿ ವಾಪಸು ಕೊಡಬೇಕಾದ ತಾರೀಕು ಒತ್ತುವ ಚೀಟಿ ಅಂಟಿಸಿರುತ್ತದಲ್ಲ. ಯಾವ ಚೀಟಿಯಲ್ಲಿ ಮುದ್ರೆ ಹೆಚ್ಚೋ ಆ ಪುಸ್ತಕ ಹೆಚ್ಚು ಸಲ ಮನೆಗೆ ಹೋಗಿದೆ. ಚೀಟಿಗೆ ಹೆದರಿಕೆಯಿಲ್ಲ, ಮುಲಾಜಿಲ್ಲ. ಅವನಿಗೆ ತನ್ನ ಬುದ್ಧಿಯ ಮೇಲೆ ಪ್ರೀತಿ ಬಂತು. ಕಾಲು ತುಳಿದ ಅಪರಿಚಿತನಿಗೆ, ಪರವಾಗಿಲ್ಲ ಬಿಡಿ ಎಂದ.

ಲೈಬ್ರರಿ ಮೆಟ್ಟಿಲ ಕೆಳಗಿನ ಉದ್ದ ಕೋಣೆ. ಮೇಲೆ ಮಕ್ಕಳು ಓಡಿದರೆ ಇಲ್ಲಿ ಧೂಳು ಉದುರುತ್ತದೆ. ಅಲ್ಲಿರುವ ಹೆಂಗಸನ್ನು ವಯಸ್ಸಿನಲ್ಲಿ ಹಿರಿಯರಾದ ಹೆಡ್ ಮೇಡಂ ಕೂಡ ಅಕ್ಕ ಎಂದೇ ಕರೆಯುತ್ತಾರೆ. ಅಕ್ಕ ಪುಸ್ತಕವೊಂದರ ಕಿತ್ತುಹೋದ ಬೆನ್ನಿಗೆ ಅಂಟು ಸವರುತ್ತ ಕೂತಿದ್ದರು. ‘ಯಾವ ಪುಸ್ತಕಕ್ಕೆ ಮುದ್ರೆ ಜಾಸ್ತಿ ಬಿದ್ದಿದೆ ನೋಡ್ಬೇಕು,’ ಎಂದ. ‘ನೋಡಿ. ಇಟ್ಟಿರೋದೇ ನೋಡ್ಲಿ ಅಂತ,’ ಎಂದರು ಅಕ್ಕ, ಕುಂಚದಿಂದ ಕಣ್ಣೆತ್ತದೆ. ಅವನಿಗೆ ಎರಡು ಅವಧಿ ಬಿಡುವಿತ್ತು. ಒಂದೊಂದೇ ಪುಸ್ತಕ ತೆಗೆದು, ಹಿಂದಿನಿಂದ ಬಿಡಿಸಿ, ನೇರಳೆ ಮುದ್ರೆಗಳನ್ನು ಬೆರಳಿಂದ ಎಣಿಸುತ್ತ ಬಂದ. ದೆವ್ವದ ಕತೆಗಳ ತೆಳು ಪುಸ್ತಕ, ಹತ್ತೊಂಬತ್ತು. ಪತ್ತೇದಾರಿ, ಇಪ್ಪತ್ತೆರಡು. ಅವನು ಹೋದ ವರ್ಷ ಪಟ್ಟಿಯ ತಲೆಗೆ ಹಾಕಿದ್ದ ಮಹಾಗ್ರಂಥ, ಒಂದು. ಅದೂ ಅವನೇ ತೆಗೆದುಕೊಂಡದ್ದು. ಕಪಾಟಿನ ಕೆಳಗಿನ ಅರೆಯ ಮೂಲೆಯಲ್ಲಿ ಇಟ್ಟಿಗೆ ಗಾತ್ರದ್ದೊಂದು ಇತ್ತು. ಮಣ್ಣು ಬಣ್ಣದ ರಟ್ಟು, ಮೂಲೆಗಳು ಉರುಟಾಗಿ ಸವೆದಿದ್ದವು. ಹಿಂದೆ ಬಿಡಿಸಿದರೆ ಒಂದರ ಮೇಲೊಂದು ಅಂಟಿಸಿದ ಮೂರು ಚೀಟಿ, ಮೂರರಲ್ಲೂ ಮುದ್ರೆ. ಎಣಿಸಿದ, ನಂಬದೆ ಮತ್ತೆ ಎಣಿಸಿದ. ಅರವತ್ತೊಂದು. ಮುಂದೆ ತಿರುಗಿಸಿದ. ಐನೂರ ಹನ್ನೆರಡು ಪುಟ, ಚಿತ್ರವಿಲ್ಲ, ಯಾರೋ ನಿವೃತ್ತ ಅಧಿಕಾರಿ ಬರೆದ ಸನ್ನಡತೆಯ ಪಾಠಗಳು. ‘ಮನುಷ್ಯನಾದವನು ಸೂರ್ಯನಿಗಿಂತ ಮೊದಲು ಏಳತಕ್ಕದ್ದು’ ಎಂದು ಮೊದಲ ಪುಟ ಶುರುವಾಗಿತ್ತು. ಗಂಟೆ ಹೊಡೆಯಿತು. ಅವನು ಮುಂದೆ ಓದಲಿಲ್ಲ. ನಾವು ಈ ಮಕ್ಕಳನ್ನು ಏನೆಂದುಕೊಂಡಿದ್ದೇವೆ, ಇವರೇನು ಮಾಡುತ್ತಿದ್ದಾರೆ! ಫೋನು, ಆಟ, ಮಂಗಾಟ ಎಂದು ಬೈದುಕೊಂಡು ಓಡಾಡುವ ನಮ್ಮ ಕಣ್ತಪ್ಪಿಸಿ ಈ ಪಾಪದವು ಇಷ್ಟು ಭಾರದ ಪುಸ್ತಕವನ್ನು ಅರವತ್ತೊಂದು ಸಲ ಮನೆಗೆ ಹೊತ್ತಿವೆ. ಅಕ್ಕ ಅಂಟಿನ ಡಬ್ಬಿ ತೊಳೆಯಲು ಹೊರಗೆ ಹೋಗಿದ್ದರು. ಅವನು ಪಟ್ಟಿಯ ಮೊದಲ ಸಾಲಿನಲ್ಲಿ ಅದರ ಹೆಸರನ್ನು ದುಂಡಗೆ ಬರೆದು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಸ್ಟಾಫ್ ರೂಮಿಗೆ ನಡೆದ.

‘ಅದಾ?’ ಎಂದರು ಲೆಕ್ಕದ ಮೇಷ್ಟ್ರು, ರಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟಿ. ‘ತಲೆದಿಂಬಿಗೆ ತಗೊಂಡು ಹೋಗಿರ್ಬೇಕು.’ ‘ಅರವತ್ತೊಂದು ಸಲ ರೀ! ಅರವತ್ತೊಂದು! ನಿಮ್ಮ ಅಂಕಿಯೇ ಹೇಳ್ತಿದೆ, ಅಂಕಿ ಸುಳ್ಳು ಹೇಳುತ್ತಾ?’ ಅವನ ದನಿಗೆ ಟೀ ಕುಡಿಯುತ್ತಿದ್ದವರ ಲೋಟಗಳು ಅರ್ಧಕ್ಕೆ ನಿಂತವು. ‘ಅಂಕಿ ಸುಳ್ಳು ಹೇಳಲ್ಲ ಮೇಷ್ಟ್ರೇ,’ ಎಂದರು ಅವರು ನಗುತ್ತ, ‘ಅದು ಯಾವ ಪ್ರಶ್ನೆಗೆ ಉತ್ತರ ಅನ್ನೋದು ಮಾತ್ರ ನೋಡ್ಕೋಬೇಕು.’ ಕಿಸೆಯಲ್ಲಿ ಮಡಚಿಟ್ಟ ಪಟ್ಟಿಯನ್ನು ಅವನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡ. ಹೊಟ್ಟೆಕಿಚ್ಚು ಅಂದುಕೊಂಡ.

ಊಟವಾದ ಮೇಲೆ ಒಂಬತ್ತನೇ ಬಿ. ನಲವತ್ತಾರು ಮಕ್ಕಳು, ಮೂರು ಫ್ಯಾನು, ಅದರಲ್ಲೊಂದು ತಿರುಗುವುದಿಲ್ಲ. ಮಗಳು ಪಕ್ಕದ ಎ ವಿಭಾಗದವಳು, ನಡುವೆ ಒಂದೇ ಗೋಡೆ. ಇಲ್ಲಿ ಅವನು ಕೂಗಿದ್ದು ಅಲ್ಲಿಗೆ ಕೇಳುತ್ತದೆ. ಈವತ್ತು ಕೇಳಲಿ ಎಂದುಕೊಂಡ. ಹೀಗೆ ಸಂತೋಷದಿಂದ ತರಗತಿಗೆ ಬಂದು ಎಷ್ಟು ದಿನವಾಗಿತ್ತೋ. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿ ಕೂತರು. ಅವನು ಬೆನ್ನ ಹಿಂದಿನಿಂದ ಪುಸ್ತಕ ತೆಗೆದು, ಗೆದ್ದ ಕಪ್ಪನ್ನು ತೋರಿಸುವವನಂತೆ, ಎರಡೂ ಕೈಯಿಂದ ಎತ್ತಿ ಹಿಡಿದ.

ಗದ್ದಲ ನಿಂತುಹೋಯಿತು. ಅದು ಕುತೂಹಲದ ಮೌನವಲ್ಲವೆಂದು ತಿಳಿಯಲು ಅವನಿಗೆ ಎರಡು ಗಳಿಗೆ ಬೇಕಾಯಿತು. ಮುಂದಿನ ಸಾಲಿನ ಹುಡುಗ ಪಕ್ಕದವನನ್ನು ನೋಡಿದ, ಪಕ್ಕದವನು ತಾನಲ್ಲವೆಂಬಂತೆ ತಲೆಯಾಡಿಸಿದ. ಎರಡನೇ ಬೆಂಚಿನಲ್ಲಿ ಎಲ್ಲರ ಪರವಾಗಿ ವಾದ ಮಾಡುವುದಕ್ಕೇ ಹುಟ್ಟಿದ, ತರಗತಿಯೇ ವಕೀಲೆ ಎಂದು ಕರೆಯುವ ಹುಡುಗಿ ಎದ್ದು ನಿಂತಳು. ‘ಸರ್, ಯಾರು ಏನ್ ಮಾಡಿದ್ರು?’

‘ಏನು?’ ಎಂದ ಅವನು.

‘ಯಾರು ತಪ್ಪು ಮಾಡಿದ್ರೋ ಅವರಿಗೆ ಕೊಡಿ ಸರ್. ಇಡೀ ಕ್ಲಾಸಿಗೆ ಅಂದ್ರೆ ನ್ಯಾಯ ಅಲ್ಲ.’

‘ಎಷ್ಟ್ ಪುಟ ಸರ್?’ ಎಂದಿತು ಹಿಂದಿನ ಬೆಂಚಿನಿಂದ ಒಂದು ದಣಿದ ದನಿ. ಆ ದನಿಗೆ ಇದೆಲ್ಲ ಗೊತ್ತಿದ್ದದ್ದೇ. ಅದರ ಹಿಂದೆಯೇ ಬ್ಯಾಗುಗಳ ಜಿಪ್ಪು ಸರಿದ ಸದ್ದು, ನೋಟ್ ಪುಸ್ತಕ ಬೆಂಚಿಗೆ ಬಿದ್ದ ಸದ್ದು, ಒಂದು, ನಾಲ್ಕು, ಹತ್ತು. ಯಾರೋ ನಕ್ಕರು. ನೆತ್ತಿಗೆ ರಕ್ತ ನುಗ್ಗಿತು. ಹತ್ತೊಂಬತ್ತು ವರ್ಷದಿಂದ ನುಗ್ಗುವ ದಾರಿ ಅದಕ್ಕೆ ಗೊತ್ತು. ಯಾರದು ನಕ್ಕಿದ್ದು ಎಂದು ಬಾಯಿ ತೆರೆದ. ಅದರ ಹಿಂದೆಯೇ ಬರುವ ಮಾತು ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಯೋಚಿಸಬೇಕಾಗಿಯೇ ಇರಲಿಲ್ಲ: ಹೋಗು, ಅಕ್ಕನ ಹತ್ರ ದಪ್ಪ ಪುಸ್ತಕ ಇಸ್ಕೋ, ಹತ್ತು ಪುಟ ಬರ್ಕೊಂಡು ಬಾ. ಆ ಮಾತು ನಾಲಗೆಯ ಮೇಲೆ ನಿಂತಿರುವಾಗಲೇ ಕೈಯಲ್ಲಿ ಎತ್ತಿ ಹಿಡಿದಿದ್ದರ ಭಾರ ಅವನಿಗೆ ಗೊತ್ತಾಯಿತು. ಯಾವ ದಪ್ಪ ಪುಸ್ತಕ ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಕೋಪ ಬಂದಾಗ ಬಾಯಿ ಹೇಳುತ್ತಿತ್ತು, ಮಕ್ಕಳು ಹೋಗುತ್ತಿದ್ದರು, ಅಕ್ಕ ಕೊಡುತ್ತಿದ್ದರು. ಮೂರು ದಿನ ಬಿಟ್ಟು ಹಾಳೆಗಳು ಬಂದಾಗ ಅವನು ಓದದೆ ಅಡ್ಡಕ್ಕೆ ಕೆಂಪು ಗೀಟು ಎಳೆದು ಸಹಿ ಹಾಕುತ್ತಿದ್ದ. ‘ಕೂತ್ಕೋ,’ ಎಂದ ವಕೀಲೆಗೆ. ‘ಯಾರೂ ಏನೂ ಮಾಡಿಲ್ಲ. ನೋಟ್ ಬುಕ್ ಒಳಗಿಡಿ.’ ಇಟ್ಟರು, ಆದರೆ ನಂಬಲಿಲ್ಲ. ಉಳಿದ ಅವಧಿ ಏನು ಪಾಠ ಮಾಡಿದನೋ ಅವನಿಗೆ ನೆನಪಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿದ್ದ, ಅದರ ಮುಖ ನೋಡಲಾಗದೆ.

ಅಕ್ಕ ಅಂಟಿಸಿದ ಪುಸ್ತಕಗಳ ಮೇಲೆ ಕಲ್ಲು ಹೇರುತ್ತಿದ್ದರು. ‘ನೀವು ಹೇಳ್ಬಾರ್ದಿತ್ತಾ?’ ಎಂದ ಅವನು ಬಾಗಿಲಿನಿಂದಲೇ. ಕೂಗಬೇಕೆಂದುಕೊಂಡು ಬಂದಿದ್ದ, ದನಿ ಏಳಲಿಲ್ಲ. ‘ನೀವು ಕೇಳಿದ್ದು ಯಾವುದಕ್ಕೆ ಮುದ್ರೆ ಜಾಸ್ತಿ ಅಂತ,’ ಎಂದರು ಅಕ್ಕ. ‘ಯಾಕೆ ಜಾಸ್ತಿ ಅಂತ ಕೇಳಿದ್ರೆ ಹೇಳ್ತಿದ್ದೆ. ಇಷ್ಟು ವರ್ಷದಲ್ಲಿ ಒಂದಿನಾನೂ ಕೇಳ್ಲಿಲ್ಲ.’ ಅವನು ಕುರ್ಚಿಯ ಮೇಲೆ ಕುಸಿದು ಚೀಟಿ ಬಿಡಿಸಿದ. ಮುದ್ರೆಯ ತಾರೀಕಿನಿಂದ ಹಿಂದಕ್ಕೆ ಏಳು ದಿನ ಎಣಿಸಿದರೆ ಅವನಿಗೆ ಕೋಪ ಬಂದ ದಿನ. ಒಂದು ಮಾರ್ಚಿನಲ್ಲಿ ಹತ್ತು ದಿನಕ್ಕೆ ಆರು ಮುದ್ರೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಯಾರು ಕಾಯಬೇಕು ಎಂದು ತಮ್ಮನೂ ಅವನೂ ವಾರ್ಡಿನ ಹೊರಗೆ ಕಿತ್ತಾಡಿದ್ದ ಮಾರ್ಚ್ ಅದು. ಅಪ್ಪನಿಗೆ ಅದು ಕೇಳಿಸಿತ್ತೇ? ಕೇಳಿಸಿರಬೇಕು, ಮರುದಿನ ಯಾರೂ ಬೇಡ ಎಂದರು. ಒಂದು ಜೂನಿನಲ್ಲಿ ಒಂದೇ ದಿನಕ್ಕೆ ಮೂರು, ಒಂದೇ ಪುಸ್ತಕವನ್ನು ಮೂವರು ಹಂಚಿಕೊಂಡದ್ದು. ಹೆಡ್ ಮೇಡಂ ಹೊರಗಿನಿಂದ ಬಂದು ತನಗೆ ಬರಬೇಕಿದ್ದ ಕುರ್ಚಿಯಲ್ಲಿ ಕೂತ ದಿನ. ಆ ಮೂವರು ಏನು ಮಾಡಿದ್ದರೋ, ಪಾಪ, ಬಹುಶಃ ಕೆಮ್ಮಿದ್ದರು. ನಡುವೆ ನಾಲ್ಕು ತಿಂಗಳು ಒಂದೂ ಮುದ್ರೆಯಿರಲಿಲ್ಲ. ಅವನಿಗೆ ಆಸೆಯಾಯಿತು, ಆಗೇನೋ ಒಳ್ಳೆಯವನಾಗಿದ್ದೆನೇ ಎಂದು. ಆಮೇಲೆ ನೆನಪಾಯಿತು: ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಡಾಕ್ಟರು ಮಾತೇ ಆಡಬಾರದು ಎಂದಿದ್ದ ತಿಂಗಳುಗಳು ಅವು.

‘ಎಲ್ಲಾನೂ ನಿಮ್ಮ ಲೆಕ್ಕಕ್ಕೇ ಹಾಕ್ಕೋಬೇಡಿ,’ ಎಂದರು ಅಕ್ಕ, ಅವನ ಬೆರಳು ಓಡುವುದನ್ನೇ ನೋಡುತ್ತಿದ್ದವರು. ‘ಈಚೀಚೆಗೆ ಕೆಲವರು ಬೇಕಂತಲೇ ಬೈಸ್ಕೊಂಡು ಬರ್ತಿದ್ರು.’ ‘ಬೇಕಂತಲೇ?’ ‘ಹೂಂ. ಅದೇ ಪುಸ್ತಕ ಬೇಕು, ಸುಮ್ನೆ ಬಂದು ಕೇಳಿದ್ರೆ ನಾಚ್ಕೆ. ನಿಮ್ಮ ಕ್ಲಾಸಲ್ಲಿ ಸಿಳ್ಳೆ ಹೊಡೆದ್ರೆ ಸಿಗುತ್ತಲ್ಲ.’ ಒಬ್ಬಳು ಪಾಠದ ನಡುವೆ, ಕಾರಣವೇ ಇಲ್ಲದೆ, ಬೋರ್ಡನ್ನೇ ನೋಡುತ್ತ ಸಿಳ್ಳೆ ಹೊಡೆದದ್ದು ಅವನಿಗೆ ನೆನಪಾಯಿತು. ಬೈದಾಗ ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ದುರಹಂಕಾರ ಎಂದುಕೊಂಡು ಇನ್ನೈದು ಪುಟ ಸೇರಿಸಿದ್ದ. ‘ಏನಿದೆ ಇದರಲ್ಲಿ? ಸೂರ್ಯನಿಗಿಂತ ಮೊದಲು ಏಳು ಅನ್ನೋದಕ್ಕೆ ಸಿಳ್ಳೆ ಹೊಡೀತಾರಾ?’ ಅಕ್ಕ ಎದ್ದು ಬಂದು, ಪುಸ್ತಕ ಬಿಡಿಸಿ, ಹನ್ನೊಂದನೇ ಪುಟ ತೆಗೆದು, ಅಂಟು ಒಣಗಿದ ಬೆರಳನ್ನು ಹಾಳೆಯ ಬುಡಕ್ಕೆ ಇಟ್ಟರು.

ಸನ್ನಡತೆ ಮುಗಿದು ಬಿಳಿ ಜಾಗ ಶುರುವಾಗುವಲ್ಲಿ, ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳು. ‘ಒಂದೂರಲ್ಲಿ ಕೆಂಡ ಅಂತ ಒಬ್ಬ ಮೇಷ್ಟ್ರು. ಅವನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗುಬ್ಬಿಯಷ್ಟು ದಪ್ಪ, ಬಣ್ಣ ಕೆಂಪು. ಒಂದು ದಿನ ಅವನು ಸೀನಿದ. ಕೋಪ ಹಾರಿಹೋಯಿತು.’ ತನ್ನನ್ನು ಕೆಂಡ ಎಂದು ಕರೆಯುತ್ತಾರೆಂದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ. ಹನ್ನೆರಡನೇ ಪುಟದಲ್ಲಿ ಬೇರೆ ಕೈ, ದುಂಡು ಅಕ್ಷರ: ‘ಕೋಪ ಇಲ್ಲದ ಕೆಂಡ ಸ್ಕೂಲಿಗೆ ಬಂದರೆ ಕಾವಲುಗಾರ ಒಳಗೆ ಬಿಡಲಿಲ್ಲ. ನೀವ್ಯಾರು ಅಂದ. ನಾನೇ ಅಂದ ಕೆಂಡ. ನಿಧಾನವಾಗಿ ಅಂದದ್ದರಿಂದ ನಂಬಲಿಲ್ಲ.’ ಒಂದೆರಡು ಪುಟಕ್ಕೊಮ್ಮೆ ಕೈ ಬದಲಾಗುತ್ತಿತ್ತು. ಶಿಕ್ಷೆಗೆ ಬಂದ ಪ್ರತಿಯೊಬ್ಬರೂ ಹಿಂದಿನದೆಲ್ಲ ಓದಿ ನಾಲ್ಕು ಸಾಲು ಸೇರಿಸಿ ಹೋಗಿದ್ದರು. ಕೆಂಡ ಕೋಪವನ್ನು ಹುಡುಕುತ್ತ ಊರೂರು ಅಲೆಯುತ್ತಾನೆ. ಕೋಪ ಲೆಕ್ಕದ ಮೇಷ್ಟ್ರ ಕೊಡೆಯ ಮೇಲೆ ಕೂತದ್ದನ್ನು ಕಂಡು ಡಸ್ಟರ್ ಎಸೆಯುತ್ತಾನೆ, ಅದು ಗೋಡೆಗೆ ತಗುಲಿ ತಿರುಗಿ ಬಂದು ಅವನ ಮೂಗಿಗೇ ಬಡಿಯುತ್ತದೆ. ಬಾವಿಗೆ ಬೀಳುತ್ತಾನೆ. ಮೇಲೆತ್ತಲು ಬಂದ ಮುದುಕಿ, ಯಾರಪ್ಪ ಒಳಗಿರೋದು ಅಂದರೆ, ಹೆಸರು ಹೇಳಲು ಹೋಗುತ್ತಾನೆ, ನೆನಪಾಗುವುದಿಲ್ಲ. ಎಲ್ಲರೂ ಕೆಂಡ ಎಂದೇ ಕರೆದು ಕರೆದು ಅವನಿಗೂ ಮರೆತಿದೆ. ಅಲ್ಲಿ ಅವನು ನಕ್ಕುಬಿಟ್ಟ. ಎಂಟೊಂಬತ್ತು ವರ್ಷ ತನ್ನ ಕಾಲ ಬುಡದಲ್ಲೇ ಹರಿದ ನೀರು, ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ‘ಪ್ರತಿ ವರ್ಷ ಪೆನ್ಸಿಲ್ ಗೀಚಿದ್ದನ್ನ ಅಳಿಸಬೇಕು ಅಂತ ಇದೆಯಲ್ಲ?’ ಎಂದ. ‘ಇದೆ. ನನ್ನ ಹತ್ರ ರಬ್ಬರ್ ಇರ್ಲಿಲ್ಲ,’ ಎಂದರು ಅಕ್ಕ. ಅವರ ಮೊಣಕೈ ಪಕ್ಕದಲ್ಲೇ ಎರಡು ರಬ್ಬರ್ ಇದ್ದವು.

ನೂರ ಹದಿನಾಲ್ಕನೇ ಪುಟದ ಕೈಯನ್ನು ಅವನು ಗುರುತಿಸಿದ. ‘ಳ’ದ ಬಾಲವನ್ನು ಅವಳು ಒಳಕ್ಕೆ ಸುತ್ತುತ್ತಾಳೆ, ಐದು ವರ್ಷದವಳಿದ್ದಾಗ ಅವನೇ ಸ್ಲೇಟಿನ ಮೇಲೆ ಕೈ ಹಿಡಿದು ಸುತ್ತಿಸಿದ್ದು. ಹೋದ ವರ್ಷ ಎಂಟನೇ ತರಗತಿಗೆ ಮೇಷ್ಟ್ರು ಬರದಿದ್ದ ದಿನ ಅವನು ಹೋಗಿ ನಿಂತಿದ್ದ. ಮಗಳೂ ಪಕ್ಕದವಳೂ ಬೆಂಚಿನ ಕೆಳಗೆ ಏನೋ ನೋಡಿಕೊಂಡು ನಗುತ್ತಿದ್ದರು. ಎಬ್ಬಿಸಿ ನಿಲ್ಲಿಸಿದಾಗ ಗಾಬರಿಯಲ್ಲಿ, ‘ಅಪ್ಪಾ, ಅದು,’ ಎಂದುಬಿಟ್ಟಳು. ಇಡೀ ತರಗತಿ ಘೊಳ್ಳೆಂದಿತು. ‘ಇಲ್ಲಿ ನಿನಗೆ ಯಾವ ಅಪ್ಪಾನೂ ಇಲ್ಲ,’ ಎಂದಿದ್ದ. ಬೇರೆಯವರಿಗೆ ಹತ್ತು ಪುಟವಾದರೆ ಅವಳಿಗೆ ಹದಿನೈದು. ಮಗಳೆಂದು ಬಿಟ್ಟೆನೇ ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿಕೊಂಡು ಹೇಳಿದ್ದ. ಮನೆಯಲ್ಲಿ ನೀನು ಎನ್ನುತ್ತಿದ್ದವಳು ನೀವು ಎನ್ನತೊಡಗಿದ್ದನ್ನು ವಯಸ್ಸಿಗೆ ಬಂದ ಗಾಂಭೀರ್ಯ ಎಂದುಕೊಂಡಿದ್ದ. ಅವಳು ಬರೆದಿದ್ದಳು: ‘ಕೋಪ ಕೆಂಡನ ಮನೆಯಲ್ಲಿ ಅಡಗಿತ್ತು. ಅವನು ಮನೆಯಲ್ಲಿ ಬೇರೆ ಥರ ಇರುತ್ತಾನೆ ಅಂತ ನೀವೆಲ್ಲ ತಿಳಿದಿದ್ದೀರಿ. ಇಲ್ಲ. ಆದರೆ ಕಿತ್ತಳೆ ಸುಲಿಯುವಾಗ ಕೋಪ ಕೋಣೆಯಿಂದ ಹೊರಗೆ ಹೋಗಿ ಕೂತಿರುತ್ತದೆ. ಕೆಂಡ ಒಂದೊಂದೇ ಬಿಳಿ ನಾರು ತೆಗೆದು, ಬರೆಯುತ್ತಿರುವವರ ಪುಸ್ತಕದ ಅಂಚಿಗೆ ತೊಳೆ ಇಡುತ್ತಾನೆ. ಏನೂ ಮಾತಾಡುವುದಿಲ್ಲ.’ ಆ ಹದಿನೈದು ಪುಟ ಅವಳು ಊಟದ ಮೇಜಿನ ಮೇಲೆ ಬರೆದದ್ದು, ಎದುರಿಗೆ ತಾನು ಕೂತದ್ದು, ಏನು ಬರೆಯುತ್ತಿದ್ದಾಳೆಂದು ನೋಡದೆ ಕಿತ್ತಳೆ ಸುಲಿದದ್ದು. ಅದರ ಕೆಳಗೆ ಯಾರೋ ಒತ್ತಿ ಬರೆದಿದ್ದರು: ‘ಸುಳ್ಳು.’ ಅದರ ಕೆಳಗೆ ಇನ್ನೊಂದು ಕೈ: ‘ಇರಬಹುದು. ಮುಂದೆ?’

ಮುಂದೆ ಏನೂ ಇರಲಿಲ್ಲ. ನೂರ ಹದಿನೈದರಿಂದ ಐನೂರ ಹನ್ನೆರಡರವರೆಗೆ ಬರೀ ಸನ್ನಡತೆ. ಆಮೇಲೆ ಬಂದವರೆಲ್ಲ ಇಲ್ಲಿಯವರೆಗೆ ಓದಿ ಏನು ಸೇರಿಸಬೇಕೆಂದು ತಿಳಿಯದೆ ವಾಪಸು ಕೊಟ್ಟಿದ್ದರು. ‘ಇದನ್ನ ನನ್ನ ಹೆಸರಿಗೆ ಕೊಡಿ,’ ಎಂದ. ಅಕ್ಕ ಮುದ್ರೆಯನ್ನು ಶಾಯಿಗೆ ಒತ್ತಿ, ಹಾ ಎಂದು ಬಾಯಿಯ ಬಿಸಿಯೂದಿ, ಚೀಟಿಯ ಮೇಲೆ ಇಟ್ಟು ಬಲವಾಗಿ ಅದುಮಿದರು. ಅರವತ್ತೆರಡು.

ನಾಲ್ಕಕ್ಕೆ ಐದು ನಿಮಿಷವಿತ್ತು. ಹೆಡ್ ಮೇಡಂ ಕೈ ಚಾಚಿದರು. ‘ಪಟ್ಟಿ?’ ‘ಆಗಿಲ್ಲ.’ ‘ಆಗಿದೆ ಅಂತ ಸ್ಟಾಫ್ ರೂಮಲ್ಲಿ ಕೂಗಿದ್ರಲ್ಲ, ನನ್ನ ಕೋಣೆವರೆಗೂ ಕೇಳಿಸ್ತು.’ ‘ಆ ಪಟ್ಟಿ ತಪ್ಪು ಮೇಡಂ. ತಪ್ಪು ನಂದೇ.’ ಅವರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು. ‘ಇನ್ನೊಂದ್ ಸಲ ಹೇಳಿ.’ ‘ತಪ್ಪು ನಂದೇ. ನಾಳೆಯ ಗಂಟೆ ಮಾತ್ರ ನನಗೆ ಕೊಡಿ. ಓದಿಸಲ್ಲ, ನಾನೇ ಗಟ್ಟಿಯಾಗಿ ಓದ್ತೀನಿ.’ ನಿಂತೇ ಮಾತಾಡುತ್ತಿದ್ದ, ಗಂಟಲು ಏರಿರಲಿಲ್ಲ, ಅದು ಇಬ್ಬರಿಗೂ ಗೊತ್ತಾಯಿತು. ‘ಸರಿ. ನಾನೂ ಬಂದು ಹಿಂದೆ ಕೂರ್ತೀನಿ,’ ಎಂದರು. ‘ಮಕ್ಕಳು ಕಿವಿ ಕೊಟ್ರೆ ಗಂಟೆ ನಿಮ್ದು. ಇಲ್ಲಾಂದ್ರೆ ಸೋಮವಾರದಿಂದ ಲೆಕ್ಕ. ಏನು ಓದ್ತೀರಿ?’ ‘ಒಬ್ಬರನ್ನ ಕೇಳಿ ಹೇಳ್ಬೇಕು.’ ‘ಯಾರನ್ನ?’ ‘ಬರೆದವರನ್ನ,’ ಎಂದ.

ಮನೆಯಲ್ಲಿ ಹೆಂಡತಿ ಇನ್ನೂ ಬಂದಿರಲಿಲ್ಲ. ಮಗಳು ಮೇಜಿನ ಮೇಲೆ ನಕ್ಷೆಯೊಂದಕ್ಕೆ ಬಣ್ಣ ತುಂಬುತ್ತಿದ್ದಳು. ಅವನು ಶೂ ಬಿಚ್ಚುವುದನ್ನೂ ಮರೆತು ಎದುರಿಗೆ ಕೂತು, ಚೀಲದಿಂದ ಪುಸ್ತಕ ತೆಗೆದು ನಡುವೆ ಇಟ್ಟ. ಅವಳ ಕೈ ನಿಂತಿತು. ಆ ರಟ್ಟನ್ನೂ ಅವನ ಮುಖವನ್ನೂ ನೋಡಿದಳು. ‘ಯಾರು ಏನ್ ಮಾಡಿದ್ರು?’ ಎಂದಳು.

‘ನಾನು,’ ಎಂದ.

ಇನ್ನೂ ಹೇಳಬೇಕಿತ್ತು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ, ಆವತ್ತು ಕ್ಲಾಸಿನಲ್ಲಿ ನಾನು, ಎಂದು ಶುರುವಾಗುವ ಮಾತು. ಅದು ಶುರುವಿನಲ್ಲೇ ಸಿಕ್ಕಿಹಾಕಿಕೊಂಡಿತು. ‘ಕೆಳಗಿನದ್ದು ಓದಿದ್ರಾ?’ ಎಂದಳು ಅವಳು. ‘ಓದಿದೆ.’ ‘ಎಲ್ಲಿವರೆಗೆ?’ ‘ಮುಂದೆ ಅನ್ನೋವರೆಗೆ.’ ಅವಳ ಕಿವಿಯ ತುದಿ ಕೆಂಪಾಯಿತು. ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. ‘ನಾಳೆ ಹಾಲಲ್ಲಿ ಇದನ್ನ ಓದೋಣ ಅಂತ,’ ಎಂದ. ‘ನಿನ್ನ ಪುಟ ಬೇಡ ಅಂದ್ರೆ ಅದನ್ನ ಬಿಟ್ಟು ಓದ್ತೀನಿ. ಪೂರ್ತಿ ಬೇಡ ಅಂದ್ರೂ ಸರಿ, ಗಂಟೆ ಲೆಕ್ಕಕ್ಕೆ ಹೋಗ್ಲಿ. ಕೇಳೋಣ ಅಂತ ತಂದೆ.’ ಅವಳು ಡಬ್ಬಿ ಮುಚ್ಚಿದಳು, ತೆರೆದಳು. ಅವನು ಕೈ ಕಟ್ಟಿಕೊಂಡು ಕಾದ. ಎದುರಿನವರು ಯೋಚಿಸುವಷ್ಟು ಹೊತ್ತು ತಾನು ಸುಮ್ಮನಿದ್ದದ್ದು ಎಂದಾದರೂ ಇತ್ತೇ ಎಂದು ಯೋಚಿಸಿದ.

‘ಡಸ್ಟರ್ ಮೂಗಿಗೆ ಬಡಿಯೋದೂ ಓದ್ತೀಯಾ?’ ಎಂದಳು ಕೊನೆಗೆ.

‘ಓದ್ತೀನಿ.’

‘ಹೆಡ್ ಮೇಡಂ ಎದುರಿಗೇ? ಬಾವಿಗೆ ಬೀಳೋದೂ?’

‘ಬೀಳೋದೂ.’

‘ನೀನು ಓದಿದ್ರೆ ಬೈದಂಗಿರುತ್ತೆ,’ ಎಂದಳು. ‘ಕತೆ ಹ್ಯಾಗೆ ಓದ್ಬೇಕು ಅಂತಾನೇ ಬರಲ್ಲ ನಿಂಗೆ.’ ಅವನ ಬಾಯಿ ತೆರೆಯಿತು. ಭಾಷೆಯ ಮೇಷ್ಟ್ರಿಗೆ ಹೇಳುವ ಮಾತೇ ಇದು! ಮುಚ್ಚಿಕೊಂಡ. ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಹುಡುಕಬೇಕಾಗಿಯೇ ಇಲ್ಲದೆ ಹನ್ನೊಂದನೇ ಪುಟ ತೆಗೆದು, ದನಿ ತಗ್ಗಿಸಿ, ಗುಟ್ಟು ಹೇಳುವವಳಂತೆ ಓದತೊಡಗಿದಳು. ಕಾವಲುಗಾರನಿಗೆ ಒಂದು ದನಿ, ಮುದುಕಿಗೆ ಒಂದು ದನಿ. ಕೆಂಡನಿಗೆ ಅವಳು ಕೊಟ್ಟ ದನಿಯನ್ನು ಅವನು ತಲೆ ತಗ್ಗಿಸಿ ಕೇಳಿದ. ತುಂಬ ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ ಬರುವ ದನಿ ಅದು. ಶೂ ಇನ್ನೂ ಕಾಲಲ್ಲೇ ಇತ್ತು. ನೂರ ಹದಿನಾಲ್ಕಕ್ಕೆ ಬಂದಾಗ ಅವಳು ಒಂದು ಸಲ ಉಸಿರು ತೆಗೆದುಕೊಂಡಳು, ಆದರೆ ಬಿಡಲಿಲ್ಲ, ಅದನ್ನೂ ಓದಿದಳು, ಸುಳ್ಳು ಎಂಬುದನ್ನೂ ಓದಿದಳು, ಇರಬಹುದು ಎಂಬುದನ್ನೂ. ‘ಮುಂದೆ?’ ಎಂದು ಓದಿ ನಿಲ್ಲಿಸಿದಳು.

ಆಮೇಲೆ ಹಾಳೆ ತಿರುಗಿಸಿ, ಪುಸ್ತಕವನ್ನು ಅವನ ಕಡೆಗೆ ಸರಿಸಿ, ಡಬ್ಬಿಯಿಂದ ಒಂದು ಪೆನ್ಸಿಲ್ ಆರಿಸಿ, ಮೊನೆಯನ್ನು ಬೆರಳಿಂದ ಮುಟ್ಟಿ ನೋಡಿ ಅದರ ಮೇಲಿಟ್ಟಳು.

‘ಇಲ್ಲಿ ಜಾಗ ಇದೆ,’ ಎಂದಳು.